ಸೋಮವಾರದ ಕೆಂಪು ಬೀನ್ಸ್: ನ್ಯೂ ಆರ್ಲಿಯನ್ಸ್‌ನ ಒಂದು ಅಡುಗೆಯ ಚರಿತ್ರೆ

ಅಮೆರಿಕದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಸೋಮವಾರ ಎಂದರೆ ಕೆಂಪು ಬೀನ್ಸ್. ಹಿಂದಿನ ರಾತ್ರಿ ನೆನೆಹಾಕಿದ ಕಾಳನ್ನು ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ, ಬೆಳ್ಳುಳ್ಳಿ ಮತ್ತು ಉಪ್ಪು ಹಾಕಿದ ಇಲ್ಲವೇ ಹೊಗೆ ಕೊಟ್ಟ ಹಂದಿಮಾಂಸದ ಜೊತೆ ಮೂರು ನಾಲ್ಕು ಗಂಟೆ ಬೇಯಿಸಿ, ಬಿಸಿ ಅನ್ನದ ಮೇಲೆ ಸುರಿದುಕೊಂಡು ತಿನ್ನುತ್ತಾರೆ. ನೀರು ಧಾರಾಳವಾಗಿ ಬಿಟ್ಟರೆ ಇದು ಬಟ್ಟಲಲ್ಲಿ ಕುಡಿಯುವ ಸೂಪು. ಬತ್ತಿಸಿದರೆ ಅನ್ನಕ್ಕೆ ಕಲಸಿಕೊಳ್ಳುವ ಗಟ್ಟಿ ಸಾರು. ಮನೆಯಿಂದ ಮನೆಗೆ ಹದ ಬದಲಾಗುತ್ತದೆ. ವರ್ಷವಿಡೀ ಮಾಡುವ ಅಡುಗೆಯಾದರೂ ಇದು ಮೈಗೆ ಹಿಡಿಸುವುದು ಚಳಿಗಾಲದಲ್ಲಿ. ಮಿಸಿಸಿಪ್ಪಿ ನದಿಯ ತೇವದಲ್ಲಿ ಮುಳುಗಿರುವ ಈ ಊರಿನಲ್ಲಿ ಜನವರಿಯ ರಾತ್ರಿ ಉಷ್ಣಾಂಶ 7–8 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಹಿಮ ಬೀಳುವುದು ಅಪರೂಪ, ಆದರೆ ಮೂಳೆಗೆ ಇಳಿಯುವ ಥಂಡಿಗೆ ಕೊರತೆಯಿಲ್ಲ.

ಸೋಮವಾರದ ವಾಡಿಕೆಗೆ ಊರಿನವರು ಕೊಡುವ ಕಾರಣ ಹೀಗಿದೆ. ಸೋಮವಾರ ಬಟ್ಟೆ ಒಗೆಯುವ ದಿನ. ಹೆಂಗಸರಿಗೆ ಒಲೆಯ ಮುಂದೆ ನಿಲ್ಲಲು ಪುರುಸೊತ್ತಿಲ್ಲ. ಭಾನುವಾರದ ಊಟದಲ್ಲಿ ಉಳಿದ ಹ್ಯಾಮಿನ ಮೂಳೆಯನ್ನು ಕಾಳಿನ ಜೊತೆ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಇಟ್ಟುಬಿಟ್ಟರೆ ಬಟ್ಟೆ ಹರವುವ ಹೊತ್ತಿಗೆ ಅಡುಗೆ ಆಗಿರುತ್ತದೆ. ಈ ಮಾತು ಸುಳ್ಳಲ್ಲ, ಆದರೆ ಅಷ್ಟರಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲೂ ಅಮೆರಿಕದ ಬಹುಭಾಗದಲ್ಲೂ ಸೋಮವಾರವೇ ಒಗೆತದ ದಿನವಾಗಿತ್ತು. ಇಂಗ್ಲೆಂಡಿನ ಮನೆಗಳಲ್ಲಿ ಅಂದು ಭಾನುವಾರದ ತಣ್ಣನೆಯ ಮಾಂಸದಲ್ಲೇ ಊಟ ಮುಗಿಯುತ್ತಿತ್ತು. ಬೀನ್ಸಿಗೆ ಹೆಸರಾದ ಬಾಸ್ಟನ್ನಿನಲ್ಲಿ ಅದು ಶನಿವಾರದ ಅಡುಗೆ; ಭಾನುವಾರ ಕೆಲಸ ಮಾಡಬಾರದೆಂಬ, ಪ್ಯೂರಿಟನ್ ಎಂಬ ಕ್ರೈಸ್ತ ಪಂಥದವರ ಕಟ್ಟಳೆಯಿಂದ ಬಂದದ್ದು. ಒಗೆತವು ದಿನವನ್ನು ಗೊತ್ತುಮಾಡಿರಬಹುದು. ಪಾತ್ರೆಯೊಳಗೆ ಕೆಂಪು ಕಾಳು, ಹಂದಿಮಾಂಸ, ಖಾರ, ಪಕ್ಕದಲ್ಲಿ ಅನ್ನ ಹೇಗೆ ಸೇರಿದವು ಎಂಬುದಕ್ಕೆ ಉತ್ತರ ಹಿತ್ತಲಿನಲ್ಲಿಲ್ಲ, ಬಂದರಿನಲ್ಲಿದೆ.

ಮೊದಲು ಕಾಳು. ಕೆಂಪು ಬೀನ್ಸು ಅಮೆರಿಕ ಖಂಡದ್ದೇ ಬೆಳೆ. ಮೆಕ್ಸಿಕೊ ಸುತ್ತಿನ ಮಧ್ಯ ಅಮೆರಿಕದಲ್ಲಿ ಒಮ್ಮೆ, ದಕ್ಷಿಣದ ಆಂಡಿಸ್ ಬೆಟ್ಟಸಾಲಿನಲ್ಲಿ ಇನ್ನೊಮ್ಮೆ, ಹೀಗೆ ಎರಡು ಕಡೆ ಬೇರೆಬೇರೆಯಾಗಿ ಜನ ಇದನ್ನು ಕಾಡಿನಿಂದ ಹೊಲಕ್ಕೆ ತಂದರು. ಕರ್ನಾಟಕದ ಕಿರಾಣಿ ಅಂಗಡಿಯಲ್ಲಿ ರಾಜ್ಮಾ ಎಂದು ಸಿಗುವ ಕಾಳು ಇದೇ. ಪಲ್ಯ, ಹುಳಿಗೆ ಎಳೆಯದಾಗಿ ಕೊಯ್ಯುವ ಹುರುಳಿಕಾಯಿ ಕೂಡ ಇದೇ ಜಾತಿಯ ಗಿಡದ್ದು. ಕೊಲಂಬಸ್ಸನ ನಂತರ, ಹದಿನಾರನೆಯ ಶತಮಾನದಲ್ಲಿ ಇದು ಯೂರೋಪಿಗೆ ಹೋಯಿತು. ಫ್ರಾನ್ಸಿನ ಅಡುಗೆಯವರು ಅದನ್ನು ಬೇಗನೆ ಒಪ್ಪಿಕೊಂಡರು. ಕೆಂಪು ಬೀನ್ಸನ್ನು ಬೇಯಿಸಿ ಅರೆದು ಮಾಡುವ ಸೂಪಿಗೆ ಫ್ರೆಂಚ್ ಪಾಕಶಾಸ್ತ್ರದಲ್ಲಿ ಕಾಂಡೆ ರಾಜಮನೆತನದ ಹೆಸರನ್ನೇ ಇಟ್ಟಿದ್ದಾರೆ. ಅಟ್ಲಾಂಟಿಕ್ ದಾಟಿ ಬಂದ ಫ್ರೆಂಚರಿಗೆ ಇದು ಹೊಸ ರುಚಿಯಾಗಿರಲಿಲ್ಲ. ಲೂಯಿಸಿಯಾನದ ಮೂಲನಿವಾಸಿಗಳೂ ಮುಸುಕಿನ ಜೋಳ, ಕುಂಬಳದ ಜೊತೆ ಬೀನ್ಸನ್ನು ಬೆಳೆಯುತ್ತಿದ್ದರು.

ನ್ಯೂ ಆರ್ಲಿಯನ್ಸ್ ಹುಟ್ಟಿದ್ದು 1718ರಲ್ಲಿ. ಝಾನ್ ಬಾಪ್ಟಿಸ್ಟ್ ಲೆ ಮೊಯ್ನ್ ದ ಬಿಯೆನ್ವಿಲ್ ಎಂಬ ಫ್ರೆಂಚ್ ಅಧಿಕಾರಿ ನದಿಯ ತಿರುವಿನ ಜೌಗು ನೆಲವನ್ನು ಆರಿಸಿಕೊಂಡ. ಫ್ರೆಂಚರಿಗೆ ಗೋಧಿ ರೊಟ್ಟಿ ಬೇಕಿತ್ತು, ಆದರೆ ಆ ಸೆಕೆಯಲ್ಲಿ, ಆ ಕೆಸರಿನಲ್ಲಿ ಗೋಧಿ ಬೆಳೆಯಲಿಲ್ಲ. ಮರುವರ್ಷ, 1719ರಲ್ಲಿ, ಆಫ್ರಿಕದಿಂದ ಗುಲಾಮರನ್ನು ಹೊತ್ತ ಮೊದಲ ಎರಡು ಹಡಗುಗಳು, ಒರೋರ್ ಮತ್ತು ಡ್ಯೂಕ್ ದ್ಯು ಮೇನ್, ಲೂಯಿಸಿಯಾನಕ್ಕೆ ಬಂದವು. ಆ ಹಡಗುಗಳ ಕಪ್ತಾನರಿಗೆ ಕೊಟ್ಟಿದ್ದ ಆದೇಶ ಗಮನಿಸತಕ್ಕದ್ದು: ಬಿತ್ತನೆಗೆ ಮೂರು ನಾಲ್ಕು ಪೀಪಾಯಿ ಭತ್ತ ತರಬೇಕು, ಭತ್ತದ ಬೇಸಾಯ ಬಲ್ಲ ಕೆಲವರನ್ನಾದರೂ ಹಿಡಿದು ತರಬೇಕು. ಭೂಮಾಲೀಕರಿಗೆ ಬೇಕಾಗಿದ್ದದ್ದು ಬರಿಯ ತೋಳ್ಬಲವಲ್ಲ, ಅವರಿಗೆ ತಿಳಿಯದ ಒಂದು ವಿದ್ಯೆಯೂ ಹೌದು. ಫ್ರೆಂಚರ ಕಾಲದಲ್ಲಿ ಬಂದ ಗುಲಾಮರಲ್ಲಿ ಬಹುಪಾಲು ಮಂದಿ ಸೆನೆಗಲ್ ಮತ್ತು ಗ್ಯಾಂಬಿಯ ನದಿಗಳ ಸೀಮೆಯವರು. ಭತ್ತ ಆ ಸೀಮೆಯ ಹಳೆಯ ಬೆಳೆ. ನೀರು ಕಟ್ಟುವುದು, ಬಿಡುವುದು, ಒನಕೆಯಲ್ಲಿ ಕುಟ್ಟಿ ಉಮಿ ತೆಗೆಯುವುದು ಎಲ್ಲವೂ ಅವರಿಗೆ ಬರುತ್ತಿತ್ತು. ಮಿಸಿಸಿಪ್ಪಿಯ ದಂಡೆಯಲ್ಲಿ ಅನ್ನ ನಿತ್ಯದ ಆಹಾರವಾದದ್ದು ಹೀಗೆ.

ಅನ್ನ ಮತ್ತು ಕಾಳನ್ನು ಜೊತೆಗೂಡಿಸುವ ರೂಢಿಯೂ ಪಶ್ಚಿಮ ಆಫ್ರಿಕದಲ್ಲಿ ಮೊದಲಿನಿಂದ ಇತ್ತು. ಅಲ್ಲಿನ ಕಾಳು ಅಲಸಂದೆ. ಅಟ್ಲಾಂಟಿಕ್‌ನ ಈಚೆ ದಡದಲ್ಲಿ ಅಲಸಂದೆಯೂ ಬೆಳೆಯಿತು, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹೊಸ ವರ್ಷದ ದಿನ ಅದನ್ನು ತಿನ್ನುವುದು ಇಂದಿಗೂ ಶುಭ. ಕೆರಿಬಿಯನ್ ದ್ವೀಪಗಳ ಕೆಲವೆಡೆ ಅದರ ಜಾಗಕ್ಕೆ ಕೆಂಪು, ಕಪ್ಪು ಬೀನ್ಸುಗಳು ಬಂದವು. ಕ್ಯೂಬಾದ ಕೊಂಗ್ರಿ, ಹೈಟಿಯ ದಿರಿ ಅಕ್ ಪ್ವಾ, ಜಮೈಕದ ರೈಸ್ ಅಂಡ್ ಪೀಸ್ ಎಲ್ಲವೂ ಒಂದೇ ಬಳಗ. ಹೈಟಿಯಲ್ಲಿ ಬೀನ್ಸನ್ನು ಅರೆದು ಸಾರಿನಂತೆ ಮಾಡಿ ಅನ್ನದ ಮೇಲೆ ಸುರಿಯುವ ಸೋಸ್ ಪ್ವಾ ಎಂಬ ಬೇರೊಂದು ಅಡುಗೆಯೂ ಇದೆ. ನ್ಯೂ ಆರ್ಲಿಯನ್ಸ್‌ನ ಸೋಮವಾರದ ಪಾತ್ರೆಗೆ ಎಲ್ಲಕ್ಕಿಂತ ಹತ್ತಿರದ ನಂಟು ಇದರದ್ದೇ.

1762ರ ಗುಪ್ತ ಒಪ್ಪಂದದಲ್ಲಿ ಫ್ರಾನ್ಸ್ ಲೂಯಿಸಿಯಾನವನ್ನು ಸ್ಪೇನಿಗೆ ಬಿಟ್ಟುಕೊಟ್ಟಿತು. ಸ್ಪೇನಿನ ಆಳ್ವಿಕೆ ನಾಲ್ಕು ದಶಕದಷ್ಟೇ ನಡೆದರೂ ಅಡುಗೆಮನೆಯಲ್ಲಿ ಗುರುತು ಬಿಟ್ಟು ಹೋಯಿತು. ಗವರ್ನರ್ ಬೆರ್ನಾರ್ದೊ ದೆ ಗಾಲ್ವೆಸ್‌ನ ಕಾಲದಲ್ಲಿ, 1778ರಿಂದ 1783ರ ನಡುವೆ, ಕ್ಯಾನರಿ ದ್ವೀಪಗಳಿಂದ ಸುಮಾರು 2,000 ಜನರನ್ನು ತಂದು ನೆಲೆಗೊಳಿಸಿದರು. ನಗರದ ಕೆಳಗಿನ ಸೇಂಟ್ ಬರ್ನಾರ್ಡ್ ಪ್ರದೇಶದಲ್ಲಿ ಅವರ ವಂಶಸ್ಥರು ಇವತ್ತಿಗೂ ಇದ್ದಾರೆ. ಇಸ್ಲೆನ್ಯೊ ಎಂದು ಅವರಿಗೆ ಹೆಸರು. ಅವರ ಕಾಲ್ದೊ ಎಂಬ ಸೂಪಿನಲ್ಲಿ ಬಿಳಿ ಬೀನ್ಸು, ಉಪ್ಪಿನಲ್ಲಿಟ್ಟ ಹಂದಿಮಾಂಸ, ಮುಸುಕಿನ ಜೋಳ, ಗೆಣಸು, ಎಲೆಕೋಸು, ಸಾಸಿವೆ ಸೊಪ್ಪು ಇನ್ನೂ ಏನೇನೋ ಬೀಳುತ್ತವೆ. ಚಳಿಗಾಲದ ಹಿತ್ತಲಿನಲ್ಲಿ ಏನು ಸಿಕ್ಕೀತೋ ಅದೆಲ್ಲಕ್ಕೂ ಅಲ್ಲಿ ಜಾಗವಿದೆ. ಕಾಲ್ದೊ ಹೊಟ್ಟೆ ತುಂಬಿಸುವುದರಲ್ಲಿ ಕೆಂಪು ಬೀನ್ಸಿಗೆ ಏನೂ ಕಡಿಮೆಯಿಲ್ಲ, ಆದರೆ ಅದು ಒಂದು ಸಮುದಾಯದ ಅಡುಗೆಯಾಗಿಯೇ ಉಳಿಯಿತು. ಕೆಂಪು ಬೀನ್ಸು ಮಾತ್ರ ಇಡೀ ಊರಿನದಾಯಿತು. ಇದಕ್ಕೆ ದೊಡ್ಡ ಕಾರಣ 1809ರಲ್ಲಿ ನಡೆದ ಒಂದು ವಲಸೆ.

ಕೆರಿಬಿಯನ್‌ನಲ್ಲಿ ಫ್ರಾನ್ಸಿನ ಅತಿ ಶ್ರೀಮಂತ ವಸಾಹತು ಸಾಂ ದೊಮಿಂಗ್. 1791ರಲ್ಲಿ ಅಲ್ಲಿನ ಗುಲಾಮರು ದಂಗೆ ಎದ್ದರು. 1804ರ ಜನವರಿ 1ರಂದು ಆ ನಾಡು ಹೈಟಿ ಎಂಬ ಹೆಸರಿನಲ್ಲಿ ಸ್ವತಂತ್ರವಾಯಿತು. ಯುದ್ಧದಿಂದ ಓಡಿಬಂದವರಲ್ಲಿ ಸಾವಿರಾರು ಮಂದಿ ಹತ್ತಿರದ ಕ್ಯೂಬಾದಲ್ಲಿ ನೆಲೆನಿಂತರು. ಅಷ್ಟರಲ್ಲಿ ನೆಪೋಲಿಯನ್ ಸ್ಪೇನಿನ ಮೇಲೆ ದಂಡೆತ್ತಿ ಹೋದ. ಸ್ಪೇನಿನ ಅಧೀನದಲ್ಲಿದ್ದ ಕ್ಯೂಬಾ 1809ರಲ್ಲಿ ಫ್ರೆಂಚ್ ಮೂಲದವರನ್ನೆಲ್ಲ ಹೊರಗೆ ಹಾಕಿತು. ಅವರ ಹಡಗುಗಳು ನ್ಯೂ ಆರ್ಲಿಯನ್ಸ್ ಬಂದರಿನ ದಾರಿ ಹಿಡಿದವು. ಲೂಯಿಸಿಯಾನ 1803ರಲ್ಲೇ ಅಮೆರಿಕದ ಕೈಸೇರಿತ್ತು. ಹೊರಗಿನಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಿಂದ ನಿಷೇಧಿಸಿತ್ತು. ಆದರೂ ಈ ನಿರಾಶ್ರಿತರು ತಮ್ಮ ಗುಲಾಮರ ಸಮೇತ ಇಳಿಯಲು ಅಮೆರಿಕದ ಸಂಸತ್ತು ವಿನಾಯಿತಿ ಕೊಟ್ಟಿತು. ಮೇಯರ್ ಕಚೇರಿಯ ಲೆಕ್ಕದ ಪ್ರಕಾರ ಕೆಲವೇ ತಿಂಗಳಲ್ಲಿ ಬಂದವರು 9,059 ಮಂದಿ: 2,731 ಬಿಳಿಯರು, 3,102 ಸ್ವತಂತ್ರ ಕಪ್ಪು ಮತ್ತು ಮಿಶ್ರ ವರ್ಣೀಯರು, 3,226 ಗುಲಾಮರು. 1810ರ ಜನಗಣತಿಯಲ್ಲಿ ನಗರದ ಒಟ್ಟು ಜನಸಂಖ್ಯೆ 17,242. ಹೆಚ್ಚುಕಡಿಮೆ ಪ್ರತಿ ಎರಡನೆಯ ಮನೆಯ ಒಲೆ ಸಾಂ ದೊಮಿಂಗ್‌ನವರದ್ದಾಯಿತು ಎಂದರೆ ತಪ್ಪಾಗದು.

ಬಂದವರು ಫ್ರೆಂಚ್ ಮಾತಾಡುತ್ತಿದ್ದರು, ಕ್ಯಾಥೊಲಿಕರಾಗಿದ್ದರು, ದ್ವೀಪದ ಊಟಕ್ಕೆ ಒಗ್ಗಿದವರಾಗಿದ್ದರು. ಅಮೆರಿಕನ್ನರ ಕೈಗೆ ಹೋಗಿ ಆರೇ ವರ್ಷವಾಗಿದ್ದ ಊರು ಇಂಗ್ಲಿಷ್ ಊರಾಗುವುದನ್ನು ಈ ವಲಸೆ ಒಂದೆರಡು ತಲೆಮಾರು ಮುಂದಕ್ಕೆ ತಳ್ಳಿತು ಎಂದು ಇತಿಹಾಸಕಾರರು ಹೇಳುತ್ತಾರೆ. ಅಡುಗೆಯ ವಿಷಯದಲ್ಲಿಯೂ ಹಾಗೆಯೇ. ಕೆಂಪು ಬೀನ್ಸು ಮತ್ತು ಅನ್ನ ಇವರ ಜೊತೆಯಲ್ಲೇ ಬಂತು ಎಂದು ದಿನಾಂಕ ಹಾಕಿ ಹೇಳುವ ದಾಖಲೆ ಇಲ್ಲ. ಬಡವರ ಅಡುಗೆಗೆ ಅಂಥ ದಾಖಲೆ ಇರುವುದೂ ಅಪರೂಪ. ಆದರೆ ಹೈಟಿ, ಕ್ಯೂಬಾದ ಪೂರ್ವಭಾಗ, ನ್ಯೂ ಆರ್ಲಿಯನ್ಸ್ ಈ ಮೂರೂ ಕಡೆ ಅದೇ ಕಾಳು, ಅದೇ ಅನ್ನ ಕಾಣುತ್ತದೆ, ಮೂರಕ್ಕೂ ಹಾದುಹೋದವರು ಇದೇ ಜನ. ಅಮೆರಿಕದ ದಕ್ಷಿಣದ ಉಳಿದ ಊರುಗಳಲ್ಲಿ ಅನ್ನದ ಜೊತೆ ಅಲಸಂದೆ ಉಳಿದು, ಇಲ್ಲಿ ಮಾತ್ರ ಕೆಂಪು ಬೀನ್ಸು ಗೆದ್ದದ್ದಕ್ಕೆ ಬೇರೆ ವಿವರಣೆ ಹುಡುಕುವುದು ಕಷ್ಟ.

ಇನ್ನು ಮಾಂಸ. ನದಿಯ ಮೇಲ್ಬದಿಗೆ, ಇಂದಿನ ಸೇಂಟ್ ಚಾರ್ಲ್ಸ್ ಮತ್ತು ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಸೀಮೆಯಲ್ಲಿ, 1721ರಿಂದ ಜರ್ಮನ್ ರೈತರು ನೆಲೆಸಿದ್ದರು. ಆ ದಂಡೆಗೆ ಇಂದಿಗೂ ಜರ್ಮನ್ ಕೋಸ್ಟ್ ಎಂದು ಹೆಸರು. ತರಕಾರಿ, ಹಾಲು, ಮಾಂಸವನ್ನು ಅವರು ದೋಣಿಯಲ್ಲಿ ನಗರದ ಸಂತೆಗೆ ತರುತ್ತಿದ್ದರು. ಹೊಗೆ ಕೊಟ್ಟ ಸಾಸೇಜು ಮಾಡುವ ಕಸುಬು ಅಲ್ಲಿ ಬೇರುಬಿಟ್ಟಿತು. ಅಂದೂಯಿ ಎಂಬ ದಪ್ಪ ಸಾಸೇಜಿನ ಹೆಸರು ಫ್ರೆಂಚು. ಅದಕ್ಕೆ ಈಗಲೂ ಹೆಸರಾದ ಲಾಪ್ಲಾಸ್ ಊರು ಜರ್ಮನ್ ಕೋಸ್ಟಿನಲ್ಲಿದೆ. ಹಂದಿ ಕಡಿಯುವುದು ಚಳಿಗಾಲದ ಕೆಲಸವಾಗಿತ್ತು. ಮಂಜುಗಡ್ಡೆ ಪೆಟ್ಟಿಗೆ ಇಲ್ಲದ ಕಾಲದಲ್ಲಿ ಆ ಸೆಕೆಯ ನಾಡಿನಲ್ಲಿ ಬೇಸಿಗೆಯಲ್ಲಿ ಹಂದಿ ಕಡಿದರೆ ಸಂಜೆಯೊಳಗೆ ಮಾಂಸ ಕೆಡುತ್ತಿತ್ತು. ಮೊದಲ ಚಳಿ ಬಿದ್ದ ಮೇಲೆ ನೆರೆಹೊರೆಯವರೆಲ್ಲ ಸೇರಿ ಒಂದು ಹಂದಿಯನ್ನು ಕಡಿದು, ತಾಜಾ ಭಾಗವನ್ನು ಹಂಚಿಕೊಂಡು, ಉಳಿದದ್ದಕ್ಕೆ ಉಪ್ಪು ಹಾಕಿ, ಹೊಗೆ ಕೊಟ್ಟು ಇಡುತ್ತಿದ್ದರು. ಉಪ್ಪು ಮತ್ತು ವಿನೆಗರ್ ಬೆರೆಸಿದ ನೀರಿನಲ್ಲಿ ಮುಳುಗಿಸಿಟ್ಟ ಹಂದಿಮಾಂಸಕ್ಕೆ ನಗರದಲ್ಲಿ ಪಿಕಲ್ ಮೀಟ್ ಎನ್ನುತ್ತಾರೆ. ಕೆಂಪು ಬೀನ್ಸಿಗೆ ಹ್ಯಾಮಿನ ಮೂಳೆಗಿಂತ ಇದೇ ಸರಿ ಎನ್ನುವ ಹಳಬರು ಬಹಳ ಮಂದಿ. ಅದರ ಸಣ್ಣ ಹುಳಿ ಕಾಳಿನ ಮಂದ ರುಚಿಯನ್ನು ಎತ್ತಿಕೊಡುತ್ತದೆ ಎಂಬುದು ಅವರ ವಾದ. ತಿಂದು ನೋಡಿದವರಿಗೆ ಈ ವಾದ ಒಪ್ಪಿಗೆಯಾಗುತ್ತದೆ.

ಖಾರದ್ದು ಬೇರೆಯೇ ದಾರಿ. ಮೆಣಸಿನಕಾಯಿ ಕೂಡ ಅಮೆರಿಕ ಖಂಡದ ಗಿಡವಾದ್ದರಿಂದ ಸ್ಪ್ಯಾನಿಷರ ಮತ್ತು ದ್ವೀಪದವರ ಅಡುಗೆಯಲ್ಲಿ ಅದು ಸಹಜವಾಗಿತ್ತು. 1868ರಲ್ಲಿ ಎಡ್ಮಂಡ್ ಮ್ಯಾಕಿಲ್‌ಹೆನಿ ಎಂಬಾತ ಲೂಯಿಸಿಯಾನದ ಏವರಿ ದ್ವೀಪದಲ್ಲಿ ಮೆಣಸಿನಕಾಯಿ, ಅಲ್ಲಿಯ ಗಣಿಯ ಉಪ್ಪು ಮತ್ತು ವಿನೆಗರ್ ಸೇರಿಸಿ ಟಬಾಸ್ಕೊ ಸಾಸನ್ನು ಮಾರತೊಡಗಿದ. ಬೀನ್ಸಿನ ತಟ್ಟೆಯ ಪಕ್ಕದಲ್ಲಿ ಇಂಥದೊಂದು ಬಾಟಲಿ ಇರುವುದು ಈಗ ನಿಯಮವೇ ಆಗಿದೆ.

ಇಷ್ಟನ್ನೂ ಒಂದು ಪಾತ್ರೆಗೆ ತಂದವರು ಯಾರು? ಕ್ರಿಯೋಲರು ಎಂಬುದು ರೂಢಿಯ ಉತ್ತರ. ಕ್ರಿಯೋಲ್ ಎಂಬ ಮಾತು ಮೊದಲಿಗೆ ವಸಾಹತಿನಲ್ಲಿ ಹುಟ್ಟಿದವರಿಗೆ, ಬಣ್ಣ ಯಾವುದೇ ಇರಲಿ, ಸಲ್ಲುತ್ತಿತ್ತು. ಆಮೇಲೆ ಅದೇ ಹೆಸರು ಅವರ ಅಡುಗೆಗೂ ಬಂತು. 1885ರಲ್ಲಿ, ನಗರದಲ್ಲಿ ಹತ್ತಿಯ ಶತಮಾನೋತ್ಸವದ ಮೇಳ ನಡೆಯುತ್ತಿದ್ದಾಗ, ಈ ಅಡುಗೆಯ ಎರಡು ಪುಸ್ತಕಗಳು ಅಚ್ಚಾದವು. ಒಂದು ಪತ್ರಕರ್ತ ಲಫ್ಕಾಡಿಯೊ ಹರ್ನ್ ಸಂಗ್ರಹಿಸಿದ ‘ಲಾ ಕ್ವಿಸಿನ್ ಕ್ರಿಯೋಲ್’, ಇನ್ನೊಂದು ನಗರದ ಮಹಿಳಾ ಸಂಘವೊಂದು ತಂದದ್ದು. ‘ಪಿಕಯೂನ್’ ಪತ್ರಿಕೆ 1900ರಲ್ಲಿ ತನ್ನದೇ ದೊಡ್ಡ ಪುಸ್ತಕ ಹೊರತಂದಿತು. ಅಡುಗೆ ಮಾಡುವ ಹಳೆಯ ಕಪ್ಪು ಹೆಂಗಸರು ಕಣ್ಮರೆಯಾಗುತ್ತಿದ್ದಾರೆ, ಅವರ ಕೈರುಚಿಯನ್ನು ಬರೆದಿಡಬೇಕು ಎಂಬುದು ಅದರ ಉದ್ದೇಶ. ಆದರೆ ಆ ಹೆಂಗಸರ ವಿದ್ಯೆಯಲ್ಲಿ ಬಹಳಷ್ಟು ಯಜಮಾನಿಯರು ಕಲಿಸಿಕೊಟ್ಟದ್ದು ಎಂಬ ಧಾಟಿಯಲ್ಲೇ ಪುಸ್ತಕ ಮಾತಾಡುತ್ತದೆ. ಇನ್ನೂರು ವರ್ಷ ಒಲೆಯ ಮುಂದೆ ನಿಂತವರಿಗೆ ಸಂದ ಗೌರವ ಅಷ್ಟೇ.

ಅದೇ ಪುಸ್ತಕದಲ್ಲಿ ಸೋಮವಾರದ ಕಥೆಗೆ ಸಂಬಂಧಪಟ್ಟ ಒಂದು ಸಾಕ್ಷ್ಯವೂ ಸಿಗುತ್ತದೆ. ನ್ಯೂ ಆರ್ಲಿಯನ್ಸ್‌ನ ಹಳೆಯ ಮನೆಗಳಲ್ಲಿ, ಕಾಲೇಜುಗಳಲ್ಲಿ, ಸನ್ಯಾಸಿನಿಯರ ಮಠಗಳಲ್ಲಿ ಕೆಂಪು ಬೀನ್ಸು ಮತ್ತು ಅನ್ನ ಅಥವಾ ಬಿಳಿ ಬೀನ್ಸು ವಾರಕ್ಕೆ ಹಲವು ಸಲ ಊಟದ ಮೇಜಿಗೆ ಬರುತ್ತದೆ, ಮಕ್ಕಳು ಗಟ್ಟಿಮುಟ್ಟಾಗಿ ಬೆಳೆಯಲು ಅದೇ ಆಧಾರ ಎಂದು ಅದು ಹೇಳುತ್ತದೆ. ಅಂದರೆ 1900ರ ಹೊತ್ತಿಗೆ ಇದು ವಾರಕ್ಕೊಮ್ಮೆಯ ವಿಶೇಷವಲ್ಲ, ನಿತ್ಯದ ಊಟ. ಬಡವರದಷ್ಟೇ ಅಲ್ಲ, ಹಾಸ್ಟೆಲಿನ ಮಕ್ಕಳದ್ದೂ ಹೌದು. ಜನ ವಾರವಿಡೀ ತಿನ್ನುತ್ತಿದ್ದ ಅಡುಗೆ ಬರಬರುತ್ತ ಒಂದು ದಿನಕ್ಕೆ ಗಂಟುಬಿದ್ದಿತು ಎಂದು ಊಹಿಸುವುದು ಹೆಚ್ಚು ಸರಿ.

ಆ ದಿನ ಸೋಮವಾರವೇ ಆದದ್ದಕ್ಕೆ ಒಗೆತ ನಿಜವಾಗಿ ಕಾರಣ. ಆ ಕೆಲಸ ಎಂಥದೆಂದು ಈಗ ಊಹಿಸುವುದು ಕಷ್ಟ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ನಗರದ ಮನೆಗಳು ನೀರಿಗೆ ನಂಬಿದ್ದು ಛಾವಣಿಯಿಂದ ಮಳೆನೀರು ತುಂಬಿಕೊಳ್ಳುತ್ತಿದ್ದ ಸೈಪ್ರೆಸ್ ಮರದ ದೊಡ್ಡ ತೊಟ್ಟಿಗಳನ್ನು. ಭಾನುವಾರ ರಾತ್ರಿ ಒಂದು ಕಡೆ ಬಟ್ಟೆ ನೆನೆಹಾಕಿದರೆ ಇನ್ನೊಂದು ಕಡೆ ಕಾಳು ನೆನೆಹಾಕುತ್ತಿದ್ದರು. ಬೆಳಗ್ಗೆ ನೀರು ಹೊತ್ತು, ಹಿತ್ತಲಿನಲ್ಲಿ ಬೆಂಕಿ ಹಾಕಿ, ಕಬ್ಬಿಣದ ಹಂಡೆಯಲ್ಲಿ ಬಟ್ಟೆ ಕುದಿಸಬೇಕು. ಏಣಿನ ಹಲಗೆಯ ಮೇಲೆ ಉಜ್ಜಬೇಕು, ಎರಡು ಮೂರು ನೀರಿನಲ್ಲಿ ಜಾಲಿಸಬೇಕು, ಬಿಳಿ ಬಟ್ಟೆಗೆ ನೀಲಿ ಹಾಕಬೇಕು, ಅಂಗಿ, ಮೇಜುಬಟ್ಟೆಗೆ ಗಂಜಿ ಹಾಕಿ ಹಿಂಡಿ ಹರವಬೇಕು. ಇಸ್ತ್ರಿ ಮರುದಿನದ ಪಾಡು. ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆಯೂ ದಕ್ಷಿಣದ ನಗರಗಳ ಕಪ್ಪು ಹೆಂಗಸರಿಗೆ ಸಿಕ್ಕ ಕೂಲಿ ಹೆಚ್ಚಾಗಿ ಇದೇ. ಸೋಮವಾರ ಅವರು ಒಗೆಯುತ್ತಿದ್ದದ್ದು ಬರಿ ತಮ್ಮ ಮನೆಯ ಬಟ್ಟೆಯನ್ನಲ್ಲ. ಕಲಕಬೇಕಿಲ್ಲದ, ಮಧ್ಯೆ ಮಧ್ಯೆ ಒಂದು ಚೊಂಬು ನೀರು ಸುರಿದು ಬಂದರೆ ಸಾಕಾಗುವ ಅಡುಗೆ ಅವರಿಗೆ ಅನುಕೂಲವೆನ್ನುವುದಕ್ಕಿಂತ ಅನಿವಾರ್ಯವಾಗಿತ್ತು.

ಅಡುಗೆಯ ಕ್ರಮದಲ್ಲಿ ಕುಶಲತೆ ಇಲ್ಲದಿಲ್ಲ. ಸುಮಾರು 450 ಗ್ರಾಂ, ಅಂದರೆ ಒಂದು ಪೌಂಡು ಕಾಳು ಏಳೆಂಟು ಮಂದಿಗೆ ಸಾಕು. ದಪ್ಪ ತಳದ ಪಾತ್ರೆಯಲ್ಲಿ ಹಂದಿಯ ಕೊಬ್ಬು ಕರಗಿಸಿ, ಮಾಂಸದ ತುಂಡುಗಳನ್ನು ಅಂಚು ಕೆಂಪಾಗುವವರೆಗೆ ಹುರಿದು ತೆಗೆಯುತ್ತಾರೆ. ಅದೇ ಕೊಬ್ಬಿನಲ್ಲಿ ಹೆಚ್ಚಿದ ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ ಬಾಡುತ್ತವೆ, ಕಡೆಯಲ್ಲಿ ಬೆಳ್ಳುಳ್ಳಿ. ನೆನೆದ ಕಾಳನ್ನು ಬಸಿದು ಹಾಕಿ, ಕಾಳಿನ ಮೇಲೆ ಎರಡು ಬೆರಳು ನಿಲ್ಲುವಷ್ಟು ಹೊಸ ನೀರು, ಲಾರೆಲ್ ಎಲೆ, ಥೈಮ್ ಸೊಪ್ಪು, ಒಣಖಾರ ಸೇರಿಸುತ್ತಾರೆ. ಮಾಂಸದಲ್ಲೇ ಉಪ್ಪಿರುವುದರಿಂದ ಮೇಲಿನ ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿ ಹಾಕುವುದು ವಾಡಿಕೆ. ಟೊಮೇಟೊದಂಥ ಹುಳಿ ಮೊದಲೇ ಬಿದ್ದರೆ ಕಾಳಿನ ಸಿಪ್ಪೆ ಬಿಗಿಯುತ್ತದೆ, ಬೇಯಲು ಸತಾಯಿಸುತ್ತದೆ. ಸೆಕೆ, ತೇವದಲ್ಲಿ ಬಹಳ ದಿನ ಇಟ್ಟ ಹಳೆಯ ಕಾಳಿನದೂ ಇದೇ ಕಥೆ. ಎಷ್ಟು ಸೌದೆ ಸುಟ್ಟರೂ ಅದು ಹಣ್ಣಾಗದು. ಹೀಗಾಗಿ ಈ ಊರಿನವರು ಕಾಳು ಹೊಸದೇ ಎಂದು ನೋಡಿ ಕೊಳ್ಳುತ್ತಾರೆ. ಕಾಳು ಬೆಂದ ಮೇಲೆ ಒಂದು ಸೌಟಿನಷ್ಟನ್ನು ಪಾತ್ರೆಯ ಬದಿಗೆ ಒತ್ತಿ ನುರಿಯುತ್ತಾರೆ. ಬಸ್ಸಾರಿಗೆ ಬೆಂದ ಕಾಳಿನ ಒಂದು ಹಿಡಿಯನ್ನು ಮಸಾಲೆಯ ಜೊತೆ ರುಬ್ಬಿ ಹಾಕುವ ಲೆಕ್ಕವೇ ಇದು. ಕಾಳಿನ ಪಿಷ್ಟ ಹೊರಬಂದು ಸಾರು ಕೆನೆಗಟ್ಟುತ್ತದೆ.

ಸಣ್ಣ ಉರಿಯ ಈ ಅಡುಗೆಯಲ್ಲಿ ಒಂದು ಅಪಾಯ ಅಡಗಿದೆ. ಕೆಂಪು ಬೀನ್ಸಿನಲ್ಲಿ ಫೈಟೊಹೆಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನು ಇರುತ್ತದೆ. ಅರೆಬೆಂದ ನಾಲ್ಕೈದು ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ ಶುರುವಾಗಬಹುದು. 100 ಡಿಗ್ರಿಯ ಕುದಿತದಲ್ಲಿ ಹತ್ತು ನಿಮಿಷದಲ್ಲಿ ಅದು ನಾಶವಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಕೆಗಾಗಿ ಅರ್ಧ ಗಂಟೆ ಕುದಿಸಿ ಎನ್ನುತ್ತದೆ, ಅದಕ್ಕೂ ಮೊದಲು ಐದು ಗಂಟೆಯಾದರೂ ನೆನೆಸಿ ಆ ನೀರು ಚೆಲ್ಲಬೇಕು. 80 ಡಿಗ್ರಿಗಿಂತ ಕೆಳಗೆ ಬೇಯಿಸಿದರೆ ವಿಷ ಹೋಗುವುದಿರಲಿ, ಹಸಿ ಕಾಳಿಗಿಂತ ಹೆಚ್ಚಾಗಲೂಬಹುದು. ಸೌದೆ ಅಥವಾ ಇದ್ದಿಲಿನ ಒಲೆಯ ಮೇಲೆ ಬೆಳಗ್ಗೆ ಪಾತ್ರೆ ಇಟ್ಟಾಗ ಉರಿ ಜೋರಾಗಿಯೇ ಇರುತ್ತಿತ್ತು, ಆಮೇಲೆ ತಾನಾಗಿ ತಗ್ಗುತ್ತಿತ್ತು. ಹಳಬರ ಕ್ರಮದಲ್ಲಿ ಬೇಕಾದ ಕುದಿತ ತಾನೇ ಸಿಗುತ್ತಿತ್ತು. ವಿದ್ಯುತ್ತಿನ ನಿಧಾನ ಕುಕ್ಕರುಗಳು ಬಂದ ಮೇಲೆಯೇ ಇದು ಎಚ್ಚರಿಸಬೇಕಾದ ಮಾತಾದದ್ದು.

ಇಪ್ಪತ್ತನೆಯ ಶತಮಾನದಲ್ಲಿ ಈ ಅಡುಗೆಗೆ ಹೆಸರು ತಂದವನು ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್. 1901ರಲ್ಲಿ ನ್ಯೂ ಆರ್ಲಿಯನ್ಸ್‌ನ ಕಡುಬಡತನದಲ್ಲಿ ಹುಟ್ಟಿ, ಜಗತ್ತೆಲ್ಲ ಸುತ್ತಿದರೂ ಈತ ಕಾಗದಗಳ ಕೊನೆಯಲ್ಲಿ ‘ಕೆಂಪು ಬೀನ್ಸು ಮತ್ತು ಅನ್ನಪೂರ್ವಕವಾಗಿ ನಿಮ್ಮವನು’ ಎಂಬ ಅರ್ಥದ ಒಕ್ಕಣೆ ಬರೆದು ಸಹಿ ಹಾಕುತ್ತಿದ್ದ. 1942ರಲ್ಲಿ ಮದುವೆಯಾದ ಲೂಸಿಲ್ ಈ ಅಡುಗೆಯನ್ನು ಕಲಿತು ಮಾಡಿ ಬಡಿಸಿದ್ದು ಇಬ್ಬರೂ ಹೇಳಿಕೊಳ್ಳುತ್ತಿದ್ದ ಪ್ರಸಂಗ. ಅವರ ಮನೆಯ ಪಾಕದಲ್ಲಿ ಉಪ್ಪು ಹಾಕಿದ ಹಂದಿಮಾಂಸ, ಹಂದಿಯ ಕಾಲಿನ ಗೆಣ್ಣು, ಈರುಳ್ಳಿ, ದಪ್ಪ ಮೆಣಸಿನಕಾಯಿಯ ಒಂದು ಚೂರು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಇದೆ, ಸೆಲರಿ ಇಲ್ಲ. ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿಯನ್ನು ‘ಪವಿತ್ರ ತ್ರಯ’ ಎಂದು ಕರೆದು ಕ್ರಿಯೋಲ್ ಅಡುಗೆಯ ಬುನಾದಿಯೆಂದು ಹೇಳುವ ರೂಢಿ ಹಬ್ಬಿದ್ದು 1980ರ ದಶಕದ ಆಚೀಚೆ, ಬಾಣಸಿಗ ಪಾಲ್ ಪ್ರೂಡಮ್‌ನ ಖ್ಯಾತಿಯ ಜೊತೆಗೆ. ಹಳೆಯ ಮನೆಗಳಲ್ಲಿ ಇದ್ದದ್ದು ಬಿದ್ದದ್ದೇ ಬುನಾದಿ.

ಅಡುಗೆ ಮಾಡಿದವರೇ ಬರೆಯುವ ಕಾಲವೂ ಬಂತು. ಲೀನಾ ರಿಚರ್ಡ್ ಎಂಬ ಕಪ್ಪು ಮಹಿಳೆ ಮನೆಗೆಲಸದಿಂದ ಆರಂಭಿಸಿ, ಸ್ವಂತ ಹೋಟೆಲು, ಅಡುಗೆ ಶಾಲೆ ನಡೆಸಿ, 1939ರಲ್ಲಿ ಪಾಕಪುಸ್ತಕ ಅಚ್ಚು ಹಾಕಿಸಿದಳು. 1949ರಲ್ಲಿ ನಗರದ ದೂರದರ್ಶನದಲ್ಲಿ ಅವಳದೇ ಕಾರ್ಯಕ್ರಮ ಮೂಡಿಬಂತು; ಕಪ್ಪು ಜನರಿಗೆ ಹೋಟೆಲುಗಳ ಬಾಗಿಲು ಮುಚ್ಚಿದ್ದ ಕಾಲ ಅದು. ಲಿಯಾ ಚೇಸ್ ನಡೆಸಿದ ಡೂಕಿ ಚೇಸ್ ಹೋಟೆಲು ಅಂಥ ದಿನಗಳಲ್ಲಿ ಕಪ್ಪು ಜನ ಮರ್ಯಾದೆಯಿಂದ ಕೂತು ಉಣ್ಣಬಹುದಾದ ಜಾಗ. ನಾಗರಿಕ ಹಕ್ಕುಗಳ ಹೋರಾಟಗಾರರು ಅಲ್ಲಿ ಸಭೆ ಸೇರುತ್ತಿದ್ದರು. ನಗರದ ಹಳೆಯ ಬಡಾವಣೆಯಾದ ಫ್ರೆಂಚ್ ಕ್ವಾರ್ಟರಿನಲ್ಲಿ ಬಸ್ಟರ್ ಹೋಮ್ಸ್ ಎಂಬಾತನ ಹೋಟೆಲು ಚಿಲ್ಲರೆ ಕಾಸಿಗೆ ಒಂದು ತಟ್ಟೆ ಬೀನ್ಸು ಕೊಟ್ಟು ಸಂಗೀತಗಾರರ, ಹಡಗಿನ ಆಳುಗಳ ಹೊಟ್ಟೆ ತುಂಬಿಸಿತು.

ಬಟ್ಟೆ ಒಗೆಯುವ ಯಂತ್ರ ಬಂದು ಸೋಮವಾರದ ಕಾರಣ ಹೋಯಿತು, ಸೋಮವಾರ ಹೋಗಲಿಲ್ಲ. ಅಷ್ಟರಲ್ಲಿ ಹೋಟೆಲು, ಶಾಲೆ, ಕಾರ್ಖಾನೆಗಳ ಊಟದ ಪಟ್ಟಿ ಅದನ್ನು ಹಿಡಿದಿಟ್ಟಿತ್ತು. ವ್ಯಾಪಾರದ ಪಾಲೂ ಇದರಲ್ಲಿದೆ. ಹೇವರ್ಡ್ ಕುಟುಂಬದ ಕಮೀಲಿಯ ಕಂಪನಿ 1923ರಿಂದ ಈ ಊರಿನಲ್ಲಿ ಒಣ ಬೀನ್ಸು ಮಾರುತ್ತಿದೆ. ಕಾಳನ್ನು ಒಂದು ಪೌಂಡಿನ ಪೊಟ್ಟಣದಲ್ಲಿ ಕೊಳ್ಳುವ ಅಭ್ಯಾಸ ಇಲ್ಲಿ ಅದರ ಹೆಸರಿನೊಡನೆ ಬೆರೆತುಹೋಗಿದೆ. ಅನ್ನದ ಅಕ್ಕಿ ಲೂಯಿಸಿಯಾನದ ನೈಋತ್ಯ ಬಯಲಿನದು. 1880ರ ದಶಕದಲ್ಲಿ ರೈಲುಮಾರ್ಗ ಬಂದ ಮೇಲೆ ಗೋಧಿ ಬೆಳೆಯುತ್ತಿದ್ದ ಉತ್ತರದ ರೈತರು ಅಲ್ಲಿಗೆ ಇಳಿದು ಯಂತ್ರಗಳಿಂದ ಭತ್ತ ಬೆಳೆಯತೊಡಗಿದರು. ನದಿದಂಡೆಯ ಹಳೆಯ ಗದ್ದೆಗಳು ಹಿಂದೆ ಬಿದ್ದವು. ಕೆಂಪು ಬೀನ್ಸು ಬರುವುದು ಮಿನೆಸೋಟದಂಥ ದೂರದ ಚಳಿಯ ರಾಜ್ಯಗಳಿಂದ.

1972ರಲ್ಲಿ ಅಲ್ ಕೋಪ್ಲೆಂಡ್ ಎಂಬಾತ ಸೇಂಟ್ ಬರ್ನಾರ್ಡಿನ ಅರಾಬಿ ಎಂಬಲ್ಲಿ ಒಂದು ಕರಿದ ಕೋಳಿಯ ಅಂಗಡಿ ತೆರೆದ. ಅದೇ ಬೆಳೆದು ಪೊಪಾಯ್ಸ್ ಎಂಬ ಸರಪಳಿಯಾಯಿತು. ಅದರ ಪಟ್ಟಿಯಲ್ಲಿ ಕೋಳಿಯ ಪಕ್ಕಕ್ಕೆ ಕೆಂಪು ಬೀನ್ಸು ಮತ್ತು ಅನ್ನವೂ ಇದ್ದು, ನ್ಯೂ ಆರ್ಲಿಯನ್ಸ್ ನೋಡದ ಅಮೆರಿಕನ್ನರಿಗೆ ಈ ಅಡುಗೆಯ ಪರಿಚಯವಾದದ್ದು ಬಹುಮಟ್ಟಿಗೆ ಅಲ್ಲಿಂದ. ಸಣ್ಣ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಬರುವ ಆ ಬೀನ್ಸು ನುಣ್ಣಗೆ, ಹೊಗೆಯ ವಾಸನೆಯಿಂದ ಕೂಡಿರುತ್ತದೆ. ಮನೆಯ ಪಾತ್ರೆಯದಕ್ಕೆ ಅದು ಸಾಟಿಯಲ್ಲವೆಂದು ಊರಿನವರು ಹೇಳಿದರೂ ಅವರೇ ಸಾಲಿನಲ್ಲಿ ನಿಂತು ಕೊಳ್ಳುತ್ತಾರೆ.

ಇತ್ತೀಚಿನ ಸೇರ್ಪಡೆ ಮೆರವಣಿಗೆ. ಕ್ರೂ ಆಫ್ ರೆಡ್ ಬೀನ್ಸ್ ಎಂಬ ತಂಡ 2009ರಿಂದ ಮಾರ್ಡಿ ಗ್ರಾ ಹಬ್ಬದ ಹಿಂದಿನ ಸೋಮವಾರ ಬೀದಿಗಿಳಿಯುತ್ತದೆ. ತಂಡದವರು ತಿಂಗಳುಗಟ್ಟಲೆ ಕೂತು, ಕೋಟು, ಲಂಗ, ಮುಖವಾಡಗಳ ಮೇಲೆ ಒಣ ಬೀನ್ಸನ್ನು ಒಂದೊಂದಾಗಿ ಅಂಟಿಸಿ ವೇಷ ಸಿದ್ಧಮಾಡಿಕೊಳ್ಳುತ್ತಾರೆ. ಕೆಂಪು, ಬಿಳಿ, ಕಪ್ಪು ಕಾಳುಗಳಲ್ಲಿ ಸಂಗೀತಗಾರರ, ಅಡುಗೆಯವರ ಚಿತ್ರಗಳು ಮೂಡುತ್ತವೆ. 2020ರ ಹಬ್ಬದ ಬೆನ್ನಿಗೇ ನಗರದಲ್ಲಿ ಕೋವಿಡ್ ಹರಡಿದಾಗ, ಈ ತಂಡ ದೇಣಿಗೆ ಎತ್ತಿ, ಮುಚ್ಚುವ ಸ್ಥಿತಿಗೆ ಬಂದಿದ್ದ ಹೋಟೆಲುಗಳಿಂದ ಊಟ ಕೊಂಡು, ಕೆಲಸ ಕಳೆದುಕೊಂಡಿದ್ದ ಸಂಗೀತಗಾರರನ್ನು ಕೂಲಿಗೆ ಹಚ್ಚಿ ಆಸ್ಪತ್ರೆಗಳ ಸಿಬ್ಬಂದಿಗೆ ಅದನ್ನು ತಲುಪಿಸಿತು.